ಸಿಪ್ಪೆ ಅಳಿಯನ ನೀಲಿ ಡ್ರಮ್ಮುಗಳು

ಒಂದು ಟಯರು ಪಂಕ್ಚರಾಗದಿದ್ದರೆ ಅವನು ಆ ಮನೆಯ ಅಳಿಯನಾಗುತ್ತಲೇ ಇರಲಿಲ್ಲ. ಭಾವನ ಲಾರಿ ಓಡಿಸಿಕೊಂಡು ಊರೂರು ಸುತ್ತುತ್ತಿದ್ದ ಕಾಲ. ರಸ್ತೆ ಪಕ್ಕದ ಹಾಲಿನ ಮನೆಯೊಂದರ ಮುಂದೆ ಲಾರಿ ಕುಂಟಿಕೊಂಡು ನಿಂತಿತು. ನೀರು ಕೇಳೋಣವೆಂದು ಬಾಗಿಲು ತಟ್ಟಿದ. ಒಳಗಿನಿಂದ ಬಂದ ಹುಡುಗಿ ನೀರಿನ ಬದಲು ಒಂದು ಲೋಟ ಹಾಲು ತಂದುಕೊಟ್ಟಳು. ಅಲ್ಲಿಗೆ ಮುಗಿಯಿತು ನೋಡಿ ಕಥೆ. ಅಂದಿನಿಂದ ಆ ದಾರಿಯಲ್ಲಿ ಹೋದಾಗಲೆಲ್ಲ ಲಾರಿಗೆ ಅದೇ ಮನೆಯ ಮುಂದೆ ಏನಾದರೊಂದು ಕಾಯಿಲೆ ಬರತೊಡಗಿತು. ವರ್ಷ ತುಂಬುವುದರೊಳಗೆ ಲಾರಿ ಭಾವನ ಶೆಡ್ಡಿಗೆ ಮರಳಿತು, ಇವನು ಹಾಲಿನ ಮನೆಗೆ ಬಂದು ಕೂತ.

ಹುಡುಗಿಗೆ ತಂದೆಯಿರಲಿಲ್ಲ. ತಾಯಿಯ ಎರಡೂ ಮಂಡಿಗಳು ಮುಷ್ಕರ ಹೂಡಿದ್ದವು. ಕೊಟ್ಟಿಗೆಯಲ್ಲಿ ನಾಲ್ಕು ಹಸು. "ಮಗಳನ್ನ ನಿಮ್ಮ ಜೊತೆ ಕಳಿಸಿಬಿಟ್ರೆ ಈ ನಾಲ್ಕು ಬಾಯಿಗೆ ಯಾರು ಹಾಕ್ತಾರೆ? ನೀವೇ ಇಲ್ಲಿಗೆ ಬಂದ್ಬಿಡಿ ಅಳಿಯಂದ್ರೇ," ಎಂದರು ಅತ್ತೆ. ಅವನು ಒಂದು ಕ್ಷಣವೂ ಯೋಚಿಸದೆ ಹ್ಞೂಂ ಅಂದ. ಪ್ರೀತಿಯಲ್ಲಿ ಬಿದ್ದವನಿಗೆ ಕೊಟ್ಟಿಗೆಯ ವಾಸನೆಯೂ ಘಮಘಮ.

ಮೊದಲ ವಾರ ಅವನಿಗೆ ಕೆಲಸವೇ ಇರಲಿಲ್ಲ. ಹೆಂಡತಿ ಹಾಲು ಕರೆಯುವಳು, ಅತ್ತೆ ಕೂತಲ್ಲಿಂದಲೇ ಲೋಕವನ್ನೆಲ್ಲ ಆಳುವರು, ಇವನು ಜಗಲಿಯಲ್ಲಿ ಕೂತು ಉಗುರು ನೋಡಿಕೊಳ್ಳುವನು. ಮನೆಯಳಿಯ ಬಿಟ್ಟಿ ಕೂಳು ತಿನ್ನುತ್ತಾನೆ ಎಂದು ಯಾರೂ ಅಂದಿರಲಿಲ್ಲ; ಅನ್ನುವ ಮೊದಲೇ ಇವನ ಕಿವಿಗೆ ಕೇಳಿಸತೊಡಗಿತು. ಬೀದಿಯ ಕೊನೆಯಲ್ಲಿ ತರಕಾರಿ ಡಬ್ಬಿಗೆ ತುಂಬುವ ಒಂದು ಶೆಡ್ಡು ಇತ್ತು. ಅದರ ಹಿಂಬದಿಯಲ್ಲಿ ಬಟಾಣಿ ಸಿಪ್ಪೆ ಗುಡ್ಡೆ ಬಿದ್ದು ಕೊಳೆಯುತ್ತಿತ್ತು. ಕಾವಲಿನವನು ಮೂಗು ಮುಚ್ಚಿಕೊಂಡು, "ಪುಣ್ಯ ಬರುತ್ತೆ, ಹೊತ್ಕೊಂಡು ಹೋಗಪ್ಪ," ಎಂದ. ಅವನು ಒಂದು ಚೀಲ ತುಂಬಿ ಸೈಕಲ್ಲಿನ ಮೇಲೆ ಹೇರಿಕೊಂಡು ಬಂದ.

ಹಸುಗಳು ಮುಗಿಬಿದ್ದವು. ಅವುಗಳಲ್ಲಿ ಹಿರಿಯವಳು, ಹಣೆಯ ಮೇಲೆ ಬಿಳಿ ಮಚ್ಚೆಯಿದ್ದವಳು, ಮನೆಯವರೆಲ್ಲ 'ಯಜಮಾನಿ' ಎಂದು ಕರೆಯುತ್ತಿದ್ದವಳು, ಗೋದಲಿಯ ಮೂಲೆಗಳನ್ನೂ ನೆಕ್ಕಿ ಹೊಳಪು ಬರಿಸಿ, ಮುಗಿಯಿತೇ ಎಂಬಂತೆ ಅವನನ್ನು ದುರುಗುಟ್ಟಿ ನೋಡಿದಳು. ವಾರ ಕಳೆಯುವುದರೊಳಗೆ ಹಾಲಿನ ಕ್ಯಾನು ಕಂಠದವರೆಗೆ ತುಂಬತೊಡಗಿತು. ಅತ್ತೆ ಹಾಲಿನ ಡೈರಿಯವರೆಗೂ ಕೋಲೂರಿಕೊಂಡು ಹೋಗಿ, ಸಾಲಿನಲ್ಲಿ ನಿಂತವರ ಮುಂದೆ, "ನಮ್ಮ ಅಳಿಯಂದ್ರ ಕೈಗುಣ ನೋಡ್ರೇ," ಎಂದು ಸಾರಿದರು. ಅವನು ಹಿಗ್ಗಿ ಹೀರೇಕಾಯಿಯಾದ. ಅವತ್ತು ಹಿಗ್ಗಿದವನು ಇವತ್ತಿಗೂ ಆ ಹಿಗ್ಗಿನ ಸುಂಕ ಕಟ್ಟುತ್ತಿದ್ದಾನೆ.

ಯಾಕೆಂದರೆ ಹೊಗಳಿಕೆ ಒಂದೇ ಚೀಲಕ್ಕೆ ನಿಲ್ಲುವುದಿಲ್ಲ. ಬಟಾಣಿ ಸಿಪ್ಪೆಯ ಹಿಂದೆ ಚಿಪ್ಸ್ ಕರಿಯುವವನ ಆಲೂಗಡ್ಡೆ ಸಿಪ್ಪೆ ಬಂತು. ಅದರ ಹಿಂದೆ ಜ್ಯೂಸ್ ಕಾರ್ಖಾನೆಯ ಹಿಂಡಿದ ಹಣ್ಣಿನ ಚರಟ, ಎಣ್ಣೆ ಗಾಣದ ಹಿಂಡಿ, ಹಿಟ್ಟಿನ ಗಿರಣಿಯ ಬೂಸಾ, ಸಂತೆ ಮುಗಿದ ಮೇಲೆ ಉಳಿದ ಕೋಸಿನ ಹೊರಗಿನ ಎಲೆ. ಊರಿಗೆ ಬೇಡವಾದದ್ದೆಲ್ಲ ಅವನ ಸೈಕಲ್ಲಿಗೆ ಬೇಕಾಯಿತು. ಜನ ಅವನ ಹೆಸರನ್ನೇ ಮರೆತು 'ಸಿಪ್ಪೆ ಅಳಿಯ' ಎಂದು ಕರೆದರು. ಮೇವು ಹೇಗೂ ಹೊರಗಿನಿಂದ ಬರುತ್ತದಲ್ಲ ಎಂದು ಅತ್ತೆ ಹುಲ್ಲು ಬೆಳೆಯುತ್ತಿದ್ದ ತುಂಡು ಜಾಗದಲ್ಲಿ ಬದನೆ, ಮೆಣಸಿನ ಗಿಡ ಹಾಕಿಸಿದರು. ಹುಟ್ಟಿದ ಹೆಣ್ಣು ಕರುವನ್ನು ಕೊಡುವುದು ಬೇಡ, ಇರಲಿ ಎಂದರು. ಹೀಗೆ ಹುಲ್ಲು ಹೋಯಿತು, ಬಾಯಿ ಹೆಚ್ಚಾಯಿತು, ಎಲ್ಲವೂ ಅವನ ಕ್ಯಾರಿಯರಿಗೆ ಬಂದು ನೇತುಬಿದ್ದವು.

ಸಿಪ್ಪೆ ಎಂದರೆ ತಂದು ಸುರಿಯುವುದು ಎಂದುಕೊಳ್ಳಬೇಡಿ. ಬೆಳಗಿನ ಸಿಪ್ಪೆ ಮಧ್ಯಾಹ್ನಕ್ಕೆ ಹುಳಿ ಹಿಡಿಯುತ್ತದೆ, ಆದ್ದರಿಂದ ನಾಳೆಗೆಂದು ಇವತ್ತೇ ತಂದಿಡುವಂತಿಲ್ಲ. ಒಂದು ದಿನ ತಪ್ಪಿಸಿದರೆ ಕಾವಲಿನವನು ಹಂದಿ ಸಾಕುವವನಿಗೆ ಕೊಟ್ಟುಬಿಡುತ್ತಾನೆ, ಮತ್ತೆ ಅವನ ಗಡ್ಡ ಹಿಡಿಯಬೇಕು. ತಂದದ್ದನ್ನು ಗೋಣಿಯ ಮೇಲೆ ಹರಡಿ ಪ್ಲಾಸ್ಟಿಕ್ಕು, ರಬ್ಬರ್ ಬ್ಯಾಂಡು, ತಂತಿ ಚೂರು ಆರಿಸಬೇಕು. ಮೊಳಕೆ ಬಂದ ಆಲೂಗಡ್ಡೆ, ಹಸಿರು ತಿರುಗಿದ ಸಿಪ್ಪೆ ಎಸೆಯಬೇಕು. ಹಣ್ಣಿನ ಚರಟ ಒಂದು ಪಾಲಾದರೆ ಒಣಹುಲ್ಲು ಇಷ್ಟು, ಹಿಂಡಿ ಇಷ್ಟು ಎಂದು ಬೆರೆಸಬೇಕು. ಅದನ್ನೂ ಹಾಲು ಕರೆದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಹಾಲಿಗೆ ಕೋಸಿನ ನಾತ ಹತ್ತಿ ಡೈರಿಯವನು ಮುಖ ಸಿಂಡರಿಸುತ್ತಾನೆ. ಒಮ್ಮೆ ಅವನಿಗೆ ಜ್ವರ ಬಂದು ಮಲಗಿದಾಗ ಅತ್ತೆ, "ಇದೇನು ಮಹಾ," ಎಂದು ಆಲೂಗಡ್ಡೆ ಸಿಪ್ಪೆಯ ಇಡೀ ತೊಟ್ಟಿಯನ್ನು ಯಜಮಾನಿಯ ಮುಂದೆ ಕವುಚಿಸಿದ್ದರು. ಸಂಜೆಗೆ ಅವಳ ಹೊಟ್ಟೆ ಉಬ್ಬರಿಸಿ, ಉಸಿರು ಮೇಲುಸಿರಾಯಿತು. ಪಶುವೈದ್ಯರು ಬಂದು ಕೊಳವೆ ಇಳಿಸಿ ಗಾಳಿ ಬಿಟ್ಟು ಉಳಿಸಿದರು. ಅಂದಿನಿಂದ ಅತ್ತೆಯ ಬಾಯಲ್ಲಿ ಒಂದೇ ಮಾತು: "ಅಯ್ಯಪ್ಪಾ, ಬೇರೆಯವರ ಕೈ ಬೇಡ. ಅಳಿಯಂದ್ರ ಕೈಯಾದ್ರೇ ಸರಿ."

ಹಸುಗಳೂ ಅದನ್ನೇ ಕಲಿತವು. ಮೇವು ಹಾಕುವಾಗ ಅವನು ಹಾಕಿಕೊಳ್ಳುತ್ತಿದ್ದ ಒಂದು ದಪ್ಪ ಉಣ್ಣೆ ಕೋಟಿತ್ತು. ಲಾರಿ ಕಾಲದ್ದು. ಹಣ್ಣಿನ ರಸ, ಹಿಂಡಿಯ ಪುಡಿ, ಸೆಗಣಿ ಎಲ್ಲ ಮೆತ್ತಿ ಅದು ಕೋಟು ಹೋಗಿ ಇನ್ನೊಂದು ಹಸುವಿನ ಚರ್ಮದಂತಾಗಿತ್ತು. ಆ ಕೋಟು ಬಾಗಿಲಲ್ಲಿ ಕಂಡರೆ ಕೊಟ್ಟಿಗೆಯೆಲ್ಲ ಅಂಬಾ. ಕೋಟಿಲ್ಲದೆ ಹೆಂಡತಿ ಹೋಗಿ ಅದೇ ಮೇವು ಹಾಕಿದರೆ ಯಜಮಾನಿ ಮೂಸಿ, ಮುಖ ತಿರುಗಿಸಿ, ನಿನ್ನ ಗಂಡ ಎಲ್ಲಿ ಎಂಬಂತೆ ನಿಲ್ಲುವಳು.

ಹೀಗೆ ಐದು ವರ್ಷ. ಈ ಐದು ವರ್ಷದಲ್ಲಿ ಅವನು ಒಂದೇ ಒಂದು ರಾತ್ರಿಯೂ ಬೇರೆ ಕಡೆ ಮಲಗಿರಲಿಲ್ಲ. ತಮಾಷೆ ಏನೆಂದರೆ, ಅವನನ್ನು ಯಾರೂ ತಡೆದಿರಲಿಲ್ಲ. ಭಾವ ತೀರಿಕೊಂಡಾಗ ಮಣ್ಣಿಗೂ ಹೋಗಲಾಗಲಿಲ್ಲ. ಅವತ್ತೇ ಒಂದು ಹಸು ಕರು ಹಾಕುವುದರಲ್ಲಿತ್ತು. ಆಮೇಲೊಮ್ಮೆ ಅಕ್ಕನನ್ನು ನೋಡಿ ಬರುತ್ತೇನೆಂದು ಬೂಟು ಹಾಕಿಕೊಂಡು ಅಂಗಳದವರೆಗೆ ಬಂದಿದ್ದ.

"ಹೋಗಿ ಬನ್ನಿ ಅಳಿಯಂದ್ರೇ, ಯಾರು ಹಿಡ್ಕೊಂಡಿದ್ದಾರೆ ನಿಮ್ಮನ್ನ?" ಎಂದರು ಅತ್ತೆ, ನಿಜವಾಗಿಯೂ ಅಕ್ಕರೆಯಿಂದಲೇ. ಆಮೇಲೆ ಕೊಟ್ಟಿಗೆಯ ಕಡೆ ತಿರುಗಿ, "ಇನ್ನು ನಾಲ್ಕು ದಿನ ಏನು ತಿಂತೀಯೋ ಏನೋ ನನ್ನ ತಾಯಿ," ಎಂದು ಯಜಮಾನಿಯ ಕತ್ತಿನಡಿಯ ಗಂಗೆದೊಗಲು ಸವರಿದರು.

ಅವನು ಅಲ್ಲೇ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದ. ಗೂಟಕ್ಕೆ ಕಟ್ಟಿದ ಹಸುವಿಗಾದರೂ ಹಗ್ಗ ಕಾಣುತ್ತದೆ. ಇವನಿಗೆ ಅದೂ ಇಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ಅತ್ತೆ ಒಳ್ಳೆಯವರು, ಹೆಂಡತಿ ಇನ್ನೂ ಒಳ್ಳೆಯವಳು, ಹಸುಗಳು ಪಾಪ ಮೂಕಪ್ರಾಣಿಗಳು. ಸಿಟ್ಟು ಹೋಗಲು ಜಾಗ ಸಿಗದೆ ಎದೆಯಲ್ಲೇ ಗಟ್ಟಿಯಾಗಿ ಕೂತಿತ್ತು.

ಅಕ್ಕ ಎಂದರೆ ಅವನಿಗೆ ತಾಯಿಯ ಹಾಗೆ. ಬೆಟ್ಟದ ಮೇಲಿನ ಊರೊಂದರಲ್ಲಿದ್ದಳು. ತಾಯಿಯಿಲ್ಲದವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಗಂಡನಿಗೆ ಹೇಳಿ ಲಾರಿ ಕಲಿಸಿದವಳು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ, ಅವನು ಸಿಪ್ಪೆ ಆರಿಸುತ್ತಿರುವಾಗ ಫೋನು ಮಾಡಿದಳು. ಕೈ ಕೊಳೆಯಾಗಿದ್ದರಿಂದ ಸ್ಪೀಕರಿಗೆ ಹಾಕಿ ಇಟ್ಟಿಗೆಯ ಮೇಲಿಟ್ಟ.

"ಲೋ, ನನ್ನ ಕಾಲು ಪೂರ್ತಿ ಬಿದ್ದುಹೋಯ್ತು ಕಣೋ. ಮಗಳು ತನ್ನ ಜೊತೆ ಕರ್ಕೊಂಡು ಹೋಗ್ತಾಳಂತೆ. ವಿಮಾನದಲ್ಲಿ. ಹೋದ್ರೆ ವಾಪಸ್ ಬರೋ ಮಾತಿಲ್ಲ."

"ಯಾವಾಗಕ್ಕಾ?"

"ಚಳಿ ಶುರುವಾಗೋ ಮುಂಚೆ. ನಿಮ್ಮ ಭಾವನ ಲಾರಿ ಶೆಡ್ಡಲ್ಲೇ ನಿಂತಿದೆ. ಮೇಲಿನ ಕೋಣೆ ಖಾಲಿ ಇದೆ. ಯಾರಿಗೋ ಕೊಡೋ ಬದಲು ನೀನೇ ಬಂದು ಇಟ್ಕೊಳ್ಳೋ. ನಿನ್ನ ಕೈ ಸ್ಟೀರಿಂಗಿಗೆ ಹುಟ್ಟಿದ್ದು, ಸಿಪ್ಪೆ ಬಾಚೋಕಲ್ಲ."

ಅವನು ಸುತ್ತ ನೋಡಿದ. ಕೊಟ್ಟಿಗೆಯ ಗೋಡೆಯಾಚೆ ಹಾಲು ಕರೆಯುವ ಚರ್ ಚರ್ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

"ನೋಡ್ತೀನಕ್ಕಾ. ಬಂದು ನಿನ್ನ ಮುಖ ಅಂತೂ ನೋಡ್ಕೊಂಡು ಹೋಗ್ತೀನಿ."

"ಬರ್ತಾ ಕೋಟು ತಗೊಂಡು ಬಾ. ಇಲ್ಲಿ ಬೆಟ್ಟದ ಗಾಳಿ, ಚಳಿಗಾಲದಲ್ಲಿ ಕೋಟಿಲ್ದೆ ಇರೋಕಾಗಲ್ಲ. ಮರೀಬೇಡ."

ಆ ದಿನದಿಂದ ಅವನ ತಲೆಯಲ್ಲಿ ಲಾರಿ ಓಡತೊಡಗಿತು. ಹಣ್ಣಿನ ಚರಟ ಬಾಚುತ್ತಿದ್ದರೂ ಬಲಗಾಲು ತನ್ನಷ್ಟಕ್ಕೆ ಆಕ್ಸಿಲರೇಟರ್ ಒತ್ತುತ್ತಿತ್ತು. ಹತ್ತು ದಿನ ಹೋಗಿ ಬರುತ್ತೇನೆ, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡ.

ಆದರೆ ಹತ್ತು ದಿನ ಹಸುಗಳ ಬಾಯಿಗೆ ಏನು? ಅದಕ್ಕೆ ದಾರಿ ತೋರಿಸಿದವರು ಪಶುವೈದ್ಯರೇ. ಡೈರಿಯಲ್ಲಿ ಒಮ್ಮೆ ಎಲ್ಲರನ್ನೂ ಕೂರಿಸಿಕೊಂಡು ರಸಮೇವಿನ ಬಗ್ಗೆ ಹೇಳಿದ್ದರು: ತೆನೆ ಮುರಿದ ಮೇಲೆ ಇನ್ನೂ ಹಸಿರಾಗಿರುವ ಮುಸುಕಿನ ಜೋಳದ ದಂಟನ್ನು ಸಣ್ಣಗೆ ಕತ್ತರಿಸಿ, ಬೆಲ್ಲದ ಕಾಕಂಬಿಯ ನೀರು, ಉಪ್ಪು ಚಿಮುಕಿಸಿ, ಗಾಳಿಯಾಡದಂತೆ ತುಳಿದು ತುಂಬಿ ಮುಚ್ಚಿಟ್ಟರೆ ಅದು ಕೆಡುವುದಿಲ್ಲ, ಹದವಾಗಿ ಹುಳಿ ಬಂದು ತಿಂಗಳುಗಟ್ಟಲೆ ಇರುತ್ತದೆ. ಬೆರೆಸುವುದು ಬೇಡ, ಆರಿಸುವುದು ಬೇಡ, ತೆಗೆದು ಹಾಕಿದರಾಯಿತು. ಇದನ್ನು ಕೇಳಿದಾಗ ಉಳಿದವರಿಗೆ ಮೇವು ಕಂಡಿತು, ಅವನಿಗೆ ರಸ್ತೆ ಕಂಡಿತು.

ಜ್ಯೂಸ್ ಕಾರ್ಖಾನೆಯಿಂದ ಹಣ್ಣಿನ ತಿರುಳು ತುಂಬಿ ಬರುತ್ತಿದ್ದ ನೀಲಿ ಡ್ರಮ್ಮುಗಳನ್ನು ಕೇಳಿ ತಂದ. ಎದೆಯೆತ್ತರ, ಮುಚ್ಚಳಕ್ಕೆ ಕಬ್ಬಿಣದ ಬಳೆಯಂಥ ಪಟ್ಟಿ. ಪಟ್ಟಿ ಎಳೆದು ಒತ್ತಿದರೆ ಟಕ್ ಎಂದು ಬಿಗಿಯುತ್ತದೆ. ಪಕ್ಕದ ಹೊಲದವನು ತೆನೆ ಮುರಿದ ದಂಟನ್ನು ಸುಡುವುದರಲ್ಲಿದ್ದ, ಅದನ್ನೂ ಬೇಡಿ ತಂದ. ಕತ್ತರಿಸುವ ಮಷೀನಿಗೆ ಹೆಂಡತಿ ದಂಟು ಕೊಟ್ಟಳು, ಅವನು ಬರಿಗಾಲಲ್ಲಿ ಡ್ರಮ್ಮಿನೊಳಗೆ ಇಳಿದು ಪದರ ಪದರವಾಗಿ ತುಳಿದ. ಹೊರಗೆ ಕಾಣುತ್ತಿದ್ದದ್ದು ಅವನ ತಲೆ, ಹೆಗಲು ಮಾತ್ರ.

"ಹೀಗೇ ಇರಿ, ಮುಚ್ಚಳ ಹಾಕ್ಬಿಡ್ತೀನಿ. ಕೆಡಲ್ಲ ನೀವು, ವರ್ಷಗಟ್ಟಲೆ ಇರ್ತೀರಿ," ಎಂದು ಹೆಂಡತಿ ನಕ್ಕಳು.

ಅವನೂ ನಕ್ಕ. ಆಮೇಲೆ ಡ್ರಮ್ಮಿನಿಂದ ಹೊರಬರಲು ಸ್ವಲ್ಪ ಅವಸರ ಮಾಡಿದ.

"ಯಾಕ್ರೀ ಇಷ್ಟೊಂದು?"

"ಸಿಪ್ಪೆ ಸಿಗದ ಕಾಲಕ್ಕೆ ಬೇಕಾಗುತ್ತೆ. ಒಂದು ಡ್ರಮ್ಮು ಎರಡು ದಿನಕ್ಕೆ ಬರುತ್ತೆ. ನೋಡು, ಒಂದೂವರೆ ತಿಂಗಳು ಯಾರೂ ಮುಟ್ಟೋ ಹಾಗಿಲ್ಲ. ಸೂಜಿ ಮೊನೆಯಷ್ಟು ಗಾಳಿ ಹೋದ್ರೂ ಎಲ್ಲ ಬೂಷ್ಟು ಹಿಡಿದು ಹಾಳಾಗುತ್ತೆ."

"ಸೂಜಿ ಮೊನೆಯಷ್ಟು ಸಾಕಾ?"

"ಸಾಕು ಕಣೇ, ಅಷ್ಟೇ ಸಾಕು."

ಅವಳು ತಲೆಯಾಡಿಸಿ ಮಷೀನು ತೊಳೆಯಲು ಹೋದಳು. ಆರು ಡ್ರಮ್ಮು ಕೊಟ್ಟಿಗೆಯ ಹಿಂದಿನ ಚಾವಣಿಯ ಕೆಳಗೆ ಎರಡು ಸಾಲಾಗಿ ನಿಂತವು. ಅತ್ತೆಗಂತೂ ಅವುಗಳದೇ ಧ್ಯಾನ. ಕೋಲಿನಿಂದ ತಟ್ಟಿ, "ಆಯ್ತಾ ಅಳಿಯಂದ್ರೇ? ಒಂಚೂರು ತೆಗೆದು ನೋಡೋಣ್ವಾ? ಉಸಿರು ಕಟ್ಟಿರುತ್ತೆ ಪಾಪ," ಎನ್ನುವರು. "ಅತ್ತೆ, ದಮ್ಮಯ್ಯ, ಮುಟ್ಟಬೇಡಿ," ಎಂದು ಅವನು ಅಂಗಲಾಚುವನು.

ದಿನ ಹತ್ತಿರ ಬಂತು. ಶುಕ್ರವಾರ ಬರುತ್ತೇನೆಂದು ಅಕ್ಕನಿಗೆ ಹೇಳಿದ. ಮನೆಯಲ್ಲೂ ಹೇಳಿದ, ಅಕ್ಕನನ್ನು ಕಳಿಸಿಕೊಟ್ಟು ಹತ್ತು ದಿನದಲ್ಲಿ ಬರುತ್ತೇನೆ, ಡ್ರಮ್ಮುಗಳಿವೆಯಲ್ಲ, ಚಿಂತೆಯಿಲ್ಲ ಎಂದು. "ಹೋಗಿ ಬನ್ನಿ, ಯಾರು ಹಿಡ್ಕೊಂಡಿದ್ದಾರೆ?" ಎಂದರು ಅತ್ತೆ. ಈ ಸಲ ಆ ಮಾತು ಅವನನ್ನು ಹಿಡಿಯಲಿಲ್ಲ. ಲಾರಿ ಲೈಸೆನ್ಸನ್ನು ಹಳೇ ಪೆಟ್ಟಿಗೆಯ ತಳದಿಂದ ತೆಗೆದು ಜೇಬಿಗೆ ಹಾಕಿಕೊಂಡ. ಹಿತ್ತಲಲ್ಲಿ ಬಿಸಿನೀರು ಕಾಯಿಸಿ, ಸೋಪು ಹಾಕಿ, ಆ ಉಣ್ಣೆ ಕೋಟನ್ನು ತಿಕ್ಕಿ ತಿಕ್ಕಿ ಒಗೆದ. ಒಗೆದ ನೀರು ಟೀ ಬಣ್ಣಕ್ಕೆ ತಿರುಗಿತು. ಕೋಟಿಗೆ ಒಂದು ಬಣ್ಣವಿತ್ತೆಂಬುದು ಅವನಿಗೇ ಮರೆತುಹೋಗಿತ್ತು, ನೀಲಿಯಂತೆ.

ಹೆಂಡತಿ ಬಟ್ಟೆ ಒಣಗಿಸುವ ತಂತಿಯ ಮುಂದೆ ಸುಮಾರು ಹೊತ್ತು ನಿಂತಿದ್ದಳು.

"ಕೋಟು ಒಗೆದ್ರಾ?"

"ನಾತ ಹೊಡೀತಿತ್ತು."

"ಐದು ವರ್ಷದಿಂದ ಹೊಡೀತಾನೇ ಇದೆ," ಎಂದಷ್ಟೇ ಹೇಳಿ ಹಾಲು ಸೋಸುವ ಬಟ್ಟೆ ಹಿಂಡಿಕೊಂಡು ಒಳಗೆ ಹೋದಳು.

ಗುರುವಾರ ಬೆಳಿಗ್ಗೆ, ಹಾಲು ಕರೆದಾದ ಮೇಲೆ, ಅವನು ಮೊದಲ ಡ್ರಮ್ಮಿನ ಪಟ್ಟಿಗೆ ಕೈ ಹಾಕಿದ. ಹೆಂಡತಿಗೆ ತೆಗೆಯುವುದನ್ನು ತೋರಿಸಿಕೊಟ್ಟು, ಹಸುಗಳಿಗೆ ರುಚಿ ಹತ್ತಿಸಿ, ಮಾರನೆಯ ಬೆಳಿಗ್ಗೆ ಮೊದಲ ಬಸ್ಸು ಹಿಡಿಯುವುದೆಂದು ಲೆಕ್ಕ. ಪಟ್ಟಿ ಟಕ್ ಎನ್ನಬೇಕಿತ್ತು. ಎನ್ನಲಿಲ್ಲ. ಹಗುರಾಗಿ, ಸದ್ದಿಲ್ಲದೆ ಕಳಚಿಕೊಂಡಿತು. ಮುಚ್ಚಳ ಎತ್ತುತ್ತಲೇ ಸತ್ತ ಇಲಿಯ ನಾತ ಮುಖಕ್ಕೆ ಬಡಿಯಿತು. ಮೇಲೆಲ್ಲ ಬಿಳಿ ಬೂಷ್ಟು, ಬೂಷ್ಟಿನ ಕೆಳಗೆ ಕಪ್ಪು ಲೋಳೆ. ಕೈ ಹಾಕಿ ಬಗೆದ. ಮೊಣಕೈ ಮುಳುಗುವವರೆಗೂ ಲೋಳೆಯೇ.

ಎರಡನೆಯದು ತೆಗೆದ. ಅದೂ ಹಾಗೇ. ಮೂರನೆಯದು. ನಾಲ್ಕನೆಯದು. ಐದನೆಯದರ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಮನೆಯ ಕಡೆ ತಿರುಗಿದ.

"ಅತ್ತೇ!" ಎಂದು ಕೂಗಿದ. ಐದು ವರ್ಷದಲ್ಲಿ ಅವನು ಆ ಮನೆಯಲ್ಲಿ ದನಿಯೆತ್ತಿದ್ದು ಅದೇ ಮೊದಲು. "ತೆಗೀಬೇಡಿ ಅಂತ ಎಷ್ಟು ಸಲ ಬಡ್ಕೊಂಡೆ! ಒಂಚೂರು ನೋಡೋಣ, ಒಂಚೂರು ನೋಡೋಣ ಅಂತ ನೋಡೇಬಿಟ್ರಲ್ಲ! ಮಣ್ಣು ಹಾಕಿದ್ರಿ ನನ್ನ ಬಾಯಿಗೆ!"

ಅತ್ತೆ ಕೋಲೂರಿಕೊಂಡು ಬಾಗಿಲಿಗೆ ಬಂದರು. ಮುಖ ಕೆಂಪಾಗಿತ್ತು. "ಏನಂದ್ರಿ? ನಾನಾ? ನನ್ನ ಮಂಡಿ ನೆಟ್ಟಗಿದ್ರೆ ತಾನೇ ನಾನು ಆ ಮುಚ್ಚಳ ತೆಗೆಯೋದು! ಜಗಲಿ ಹತ್ತೋಕೆ ನನಗೆ ಇಬ್ರು ಬೇಕು. ಕೋಲಲ್ಲಿ ತಟ್ಟಿದ್ದು ನಿಜ. ತಟ್ಟಿದ್ರೆ ಗಾಳಿ ಹೋಗುತ್ತಾ? ಹೇಳಿ ನೋಡೋಣ, ಹೋಗುತ್ತಾ?" ಎಂದವರ ಕಣ್ಣಲ್ಲಿ ನೀರು ಬಂತು.

ಅವನು ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿದ. ಅಂಚಿನ ರಬ್ಬರಿನ ಮೇಲೆ ಏನೋ ಅಂಟಿಕೊಂಡಿತ್ತು. ಎಳೆದ. ಬೆರಳಗಲದ ಬಟ್ಟೆಯ ಪಟ್ಟಿ. ನಾಲ್ಕು ಮಡಿಕೆ ಮಾಡಿ ಮುಚ್ಚಳಕ್ಕೂ ಡ್ರಮ್ಮಿಗೂ ನಡುವೆ ಸಿಕ್ಕಿಸಿದ್ದು. ತೆಗೆದಿಟ್ಟಿದ್ದ ನಾಲ್ಕು ಮುಚ್ಚಳಗಳನ್ನೂ ನೋಡಿದ. ಒಂದೊಂದರಲ್ಲೂ ಒಂದೊಂದು. ತೆಳ್ಳನೆಯ, ಒಗೆದು ಒಗೆದು ಹಳದಿಯಾದ, ಹಾಲು ಸೋಸುವ ಬಟ್ಟೆ.

ಹೆಂಡತಿ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿದ್ದಳು. ಓಡಿಹೋಗಲಿಲ್ಲ, ಅಳಲಿಲ್ಲ. "ಅಮ್ಮನ್ನ ಬಯ್ಯಬೇಡಿ," ಎಂದಳು. "ನೀನು ಒಳಗೆ ಹೋಗಮ್ಮ."

ಅತ್ತೆ ಮಗಳ ಮುಖ ನೋಡಿದರು, ಅಳಿಯನ ಕೈಯಲ್ಲಿದ್ದ ಬಟ್ಟೆ ನೋಡಿದರು, ಕೋಲು ತಿರುಗಿಸಿಕೊಂಡು ಒಳಗೆ ಹೋದರು.

"ಸೂಜಿ ಮೊನೆಯಷ್ಟು ಸಾಕಾ ಅಂತ ಕೇಳಿದ್ಯಲ್ಲೇ ಅವತ್ತು," ಎಂದ ಅವನು. ದನಿ ಅವನದೇ ಎನಿಸಲಿಲ್ಲ. "ಅವತ್ತೇ ಮನಸ್ಸಲ್ಲಿತ್ತಾ?"

"ಅವತ್ತು ಇರ್ಲಿಲ್ಲ. ಅವತ್ತು ಕೇಳಿದ್ದು ಸುಮ್ನೆ. ಅಕ್ಕನ ಫೋನು ನಾನು ಕೇಳಿಸ್ಕೊಂಡಿದ್ದೆ ಮುಂಚೇನೇ. ನೋಡಿ ಬರ್ತೀರಿ ಅಂದ್ಕೊಂಡೆ. ಆಮೇಲೆ ಹಳೇ ಪೆಟ್ಟಿಗೇನ ಹತ್ತು ಸಲ ತೆಗೆದು ಮುಚ್ಚಿದ್ರಿ. ಲೈಸೆನ್ಸು ತಗೊಂಡು ಬಿಸಿಲಲ್ಲಿ ಹಿಡಿದು ನೋಡ್ತಿದ್ರಿ. ಆವಾಗ ಸಿಕ್ಕಿಸಿದೆ."

"ನಾನು ವಾಪಸ್ ಬರ್ತಿದ್ದೆ ಕಣೇ!"

"ಹಾಗಾದ್ರೆ ಕೋಟು ಯಾಕೆ ಒಗೆದ್ರಿ?"

ಹತ್ತು ದಿನಕ್ಕೆ ಹೋಗುವವನು ಚಳಿಗಾಲದ ಕೋಟು ಒಗೆಯುವುದಿಲ್ಲ. ತನಗೆ ತಾನೇ ಹೇಳಿಕೊಳ್ಳದಿದ್ದ ಮಾತನ್ನು ಅವಳು ತಂತಿಯ ಮೇಲೆ ಓದಿಬಿಟ್ಟಿದ್ದಳು. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಏರಿದವು.

"ನೀನೂ ಬರಬಹುದಿತ್ತಲ್ಲ! ನಾನು ಹೋಗಿ ನೆಲೆ ನಿಂತು ನಿನ್ನ ಕರೆಸ್ಕೋತಿದ್ದೆ."

"ಹೇಗೆ? ಹೇಳಿ, ಹೇಗೆ?" ಈಗ ಅವಳ ದನಿ ಒಡೆಯಿತು. "ಅಮ್ಮನ್ನ ಎತ್ತಿ ಕೂರಿಸೋರು ಯಾರು? ಇವುಗಳನ್ನ ಯಾರಿಗೆ ಕೊಡ್ಲಿ? ನೀವಾದ್ರೂ ಲಾರೀಲಿ ಊರೂರು ನೋಡಿದ್ದೀರಿ. ನಾನು ಡೈರಿಯಿಂದ ಆಚೆ ಏನು ನೋಡಿದ್ದೀನಿ? ನೀವು ಬಂದಾಗ ಏನಂದ್ಕೊಂಡಿದ್ದೆ ಗೊತ್ತಾ? ಲಾರಿ ಹತ್ತಿಸ್ಕೊಂಡು ಹೋಗ್ತಾರೆ ಅಂತ. ನೀವು ನೋಡಿದ್ರೆ ಇಳಿದು ಬಂದ್ಬಿಟ್ರಿ. ಸಿಪ್ಪೆ ತಂದು ಅಮ್ಮನ ಹತ್ರ ಭೇಷ್ ಅನ್ನಿಸ್ಕೊಂಡ್ರಿ. ಹುಲ್ಲಿನ ಜಾಗ ಹೋಯ್ತು, ಕರು ಉಳೀತು, ಎಲ್ಲ ನಿಮ್ಮಿಂದ್ಲೇ. ಈಗ ನೀವು ಹೋಗ್ಬಿಟ್ರೆ ಇಷ್ಟೂ ಹಗ್ಗ ನನ್ನೊಬ್ಬಳ ಕೈಗೆ. ಸಿಕ್ಕಿಹಾಕ್ಕೊಂಡ್ರೆ ಇಬ್ರೂ ಸಿಕ್ಕಿಹಾಕ್ಕೊಳ್ಳೋಣ ಅನ್ನಿಸ್ತು. ತಪ್ಪು ಅಂತ ಗೊತ್ತು. ಗೊತ್ತಿದ್ದೇ ಮಾಡ್ದೆ."

ಅವನು ಮಗುಚಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟ. ಲಾರಿ ಹತ್ತಿಸಿಕೊಂಡು ಹೋಗಲಿ ಎಂದು ಹಾಲು ಕೊಟ್ಟಿದ್ದಳೇ ಇವಳು? ಐದು ವರ್ಷದಲ್ಲಿ ಒಂದು ದಿನವೂ ಆ ಮಾತು ಎತ್ತಿರಲಿಲ್ಲ. ಅವನೂ ಕೇಳಿರಲಿಲ್ಲ. ಬಯ್ಯಬೇಕೆಂದು ಬಾಯಿಗೆ ಬಂದದ್ದೆಲ್ಲ ವಾಪಸು ಇಳಿಯಿತು. ಕೊಟ್ಟಿಗೆಯಲ್ಲಿ ಹಸುಗಳು ಮೇವಿಗಾಗಿ ಗೂಟ ಅಲುಗಾಡಿಸುತ್ತಿದ್ದವು. ಇವರ ಜಗಳ ಅವುಗಳಿಗೇನು ಗೊತ್ತು, ಹೊತ್ತಾಗಿತ್ತು.

ಹೆಂಡತಿ ಕಣ್ಣೊರೆಸಿಕೊಂಡು ಹಿಂದಿನ ಸಾಲಿಗೆ ಹೋದಳು. ಗೋಡೆಯ ಮೂಲೆಯ ಡ್ರಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಉರುಳಿಸಿಕೊಂಡು ಅವನ ಮುಂದೆ ತಂದು ನಿಲ್ಲಿಸಿದಳು.

"ಇದನ್ನ ಮುಟ್ಟಿಲ್ಲ," ಎಂದಳು.

ಅವನು ತಲೆಯೆತ್ತಿ ನೋಡಿದ. ಪಟ್ಟಿ ಬಿಗಿಯಾಗಿತ್ತು. ಎಳೆದ. ಟಕ್ ಎಂದಿತು. ಮುಚ್ಚಳ ತೆಗೆದಾಗ ಬೆಲ್ಲ ಹಾಕಿದ ಹುಳಿಯಂಥ ಘಮ ಹೊರಬಿತ್ತು. ಒಳಗೆ ಮೇವು ಹಸಿರುಮಿಶ್ರಿತ ಹೊಂಬಣ್ಣಕ್ಕೆ ತಿರುಗಿ ಹದವಾಗಿತ್ತು. ಕೊಟ್ಟಿಗೆಯಲ್ಲಿ ಯಜಮಾನಿ ಕತ್ತು ಚಾಚಿ, ಹಗ್ಗ ಜಗ್ಗಿ, ಅಂಬಾ ಎಂದಳು.

"ಎಲ್ಲ ಹಾಳು ಮಾಡಿದವಳು ಇದೊಂದನ್ನ ಯಾಕೆ ಬಿಟ್ಟೆ?"

"ಅಕ್ಕನ ಮುಖ ನೋಡ್ದೆ ಇರೋ ಹಾಗೆ ಮಾಡೋಷ್ಟು ಕೆಟ್ಟವಳಲ್ಲ ನಾನು. ಇದು ಎರಡು ದಿನಕ್ಕೆ ಬರುತ್ತೆ ಅಂತ ನೀವೇ ಹೇಳಿದ್ರಲ್ಲ. ಇವತ್ತಿಗೆ ಸಿಪ್ಪೆ ತಂದು ಹಾಕಿ. ನಾಳೆ ಹೋಗಿ, ನಾಡಿದ್ದು ಬನ್ನಿ. ರಾತ್ರಿಯೆಲ್ಲ ಅಕ್ಕನ ಹತ್ರ ಕೂತು ಮಾತಾಡಿ."

ಅವನಿಗೆ ನಗು ಬಂತು, ಒಳ್ಳೆಯ ನಗುವಲ್ಲ. ಹೊಂಡದ ನೀರಿನವರೆಗೆ ಬಾಯಿ ತಲುಪಲಿ ಎಂದು ಹಸುವಿನ ಹಗ್ಗ ಸಡಿಲಿಸುತ್ತಾರಲ್ಲ, ಹಾಗೆ ಅಳೆದು ಬಿಟ್ಟಿದ್ದಾಳೆ. ಒಂದು ಗೇಣು ಹೆಚ್ಚಿಲ್ಲ, ಒಂದು ಗೇಣು ಕಡಿಮೆಯಿಲ್ಲ. ಆದರೂ ಅದೇ ಕೈ ಆ ಒಂದು ಡ್ರಮ್ಮನ್ನು ಒಂದೂವರೆ ತಿಂಗಳು ಜೋಪಾನ ಮಾಡಿತ್ತು.

ಸೈಕಲ್ ತೆಗೆದುಕೊಂಡು ಸಿಪ್ಪೆಗೆ ಹೋದ. ಇನ್ನೇನು ಮಾಡಿಯಾನು? ಬರುವಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು. ಅವನು ಸೈಕಲ್ ನಿಲ್ಲಿಸಿ, "ಬಾಯಿಗೆ ಬಂದ ಹಾಗೆ ಮಾತಾಡಿಬಿಟ್ಟೆ ಅತ್ತೆ, ಮನಸ್ಸಿಗೆ ಹಚ್ಕೋಬೇಡಿ," ಎಂದ. "ಅಯ್ಯೋ ಬಿಡಿ ಅಳಿಯಂದ್ರೇ, ನನಗೇನು ಗೊತ್ತಾಗಲ್ವಾ," ಎಂದರು ಅವರು.

ಮಾರನೆಯ ಬೆಳಿಗ್ಗೆ ಹೆಂಡತಿಯೇ ಅವನ ಚೀಲ ತಯಾರು ಮಾಡಿದ್ದಳು. ಒಂದು ಅಂಗಿ, ಒಂದು ಪಂಚೆ, ಅಕ್ಕನಿಗೆಂದು ಒಂದು ಡಬ್ಬಿ ಬೆಣ್ಣೆ. ಅವನು ಗೋಡೆಯ ಮೊಳೆಯಲ್ಲಿದ್ದ ಕೋಟಿಗೆ ಕೈ ಚಾಚಿದ.

"ಅದನ್ನ ಬಿಟ್ಟು ಹೋಗಿ," ಎಂದಳು ಮೆಲ್ಲಗೆ. "ನಾನು ಹಾಕ್ಕೊಂಡು ಮೇವು ಹಾಕ್ತೀನಿ. ಇಲ್ಲಾಂದ್ರೆ ತಿನ್ನಲ್ಲ ಅವು."

"ಒಗೆದಿದ್ದೀನಲ್ಲ. ನನ್ನ ವಾಸನೆ ಎಲ್ಲಿದೆ ಅದರಲ್ಲಿ?"

"ಸ್ವಲ್ಪ ಉಳಿದಿರುತ್ತೆ."

ಕೋಟನ್ನು ಮೊಳೆಯಿಂದ ತೆಗೆದು ಅವಳ ಕೈಗೇ ಕೊಟ್ಟ. ಅವಳು ಅಲ್ಲೇ ಹಾಕಿಕೊಂಡಳು. ತೋಳು ಉದ್ದವಾಗಿ ಬೆರಳೇ ಕಾಣುತ್ತಿರಲಿಲ್ಲ. ಹಾಗೇ ಗೇಟಿನವರೆಗೆ ಬಂದು ನಿಂತಳು. ಬಸ್ಸು ತಿರುವು ದಾಟುವವರೆಗೂ ಅವನಿಗೆ ಕಾಣುತ್ತಿದ್ದದ್ದು ಅವಳಲ್ಲ, ಗೇಟಿನಲ್ಲಿ ನಿಂತ ತನ್ನ ಕೋಟು.

ಊರು ದಾಟಿ ರಸ್ತೆ ಅಗಲವಾಯಿತು. ಐದು ವರ್ಷದ ಮೇಲೆ ನೋಡುತ್ತಿದ್ದ ರಸ್ತೆ. ಡ್ರೈವರು ಗೇರು ಬದಲಿಸಿದಾಗಲೆಲ್ಲ ಇವನ ಕೈಯೂ ತೊಡೆಯ ಮೇಲೆ ಅಲುಗುತ್ತಿತ್ತು. ಕಿಟಕಿಯಿಂದ ತಣ್ಣನೆ ಗಾಳಿ ಬಡಿಯುತ್ತಿತ್ತು. ಪಕ್ಕದಲ್ಲಿ ಕೂತವನು ಒಂದೆರಡು ಸಲ ಮೂಗು ಉಜ್ಜಿಕೊಂಡು ಸ್ವಲ್ಪ ಸರಿದು ಕೂತ. ಅವನು ತನ್ನ ಅಂಗೈ ಮೂಸಿಕೊಂಡ. ಎಷ್ಟು ತೊಳೆದಿದ್ದರೂ ಆ ಕಪ್ಪು ಲೋಳೆಯ ನಾತ ಹೋಗಿರಲಿಲ್ಲ. ಈಗ ಅವಳು ಡ್ರಮ್ಮಿನಿಂದ ಮೊದಲ ಬುಟ್ಟಿ ತೆಗೆದಿರುತ್ತಾಳೆ ಎಂದುಕೊಂಡ. ಬೇಡವೆಂದರೂ ಮನಸ್ಸು ಆ ಡ್ರಮ್ಮಿನೊಳಗೆ ಇಣುಕುತ್ತಿತ್ತು, ಮೇವು ಎಲ್ಲಿಯವರೆಗೆ ಇಳಿದಿದೆ ಎಂದು.

ಅಕ್ಕನ ಫೋನು ಬಂತು.

"ಹೊರಟ್ಯಾ?"

"ಬಸ್ಸಲ್ಲಿದ್ದೀನಕ್ಕಾ."

"ಶೆಡ್ಡಿನ ಬೀಗ ತೆಗೆಸಿದ್ದೀನಿ ಕಣೋ. ಲಾರಿ ಬ್ಯಾಟರಿ ಚಾರ್ಜಿಗೆ ಹಾಕ್ಸಿದ್ದೀನಿ. ಇಲ್ಲಿ ಆಗ್ಲೇ ಚಳಿ. ಕೋಟು ತಂದಿದ್ದೀಯ ತಾನೇ?"

ಅವನು ಕಿಟಕಿಯಾಚೆ ನೋಡಿದ. ಒಂದು ಲಾರಿ ಹಾರ್ನು ಹೊಡೆದುಕೊಂಡು ಬಸ್ಸನ್ನು ಹಿಂದೆ ಹಾಕಿ ಹೋಯಿತು.

"ಇಲ್ಲಕ್ಕಾ," ಎಂದ. "ಕೋಟು ಮನೇಲೇ ಇದೆ."

ಆ ಕಡೆ ಅಕ್ಕ ಗಂಟಲು ಸರಿಮಾಡಿಕೊಂಡಳು.

"ಸರಿ ಬಿಡು. ಲಾರಿ ಕೇಳ್ಕೊಂಡು ಒಬ್ಬ ಬಂದಿದ್ದ, ಅವನಿಗೇ ಹೇಳ್ತೀನಿ. ನೀನು ಹುಷಾರಾಗಿ ಬಾ. ಊಟಕ್ಕೆ ಕಾಯ್ತಿರ್ತೀನಿ."